ಭದ್ರೆಯ ತಡಿಯಿಂದ ಬಂದ ಹಾಡು

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹಳೆಯ ಪೂನಾ-ಬೆಂಗಳೂರು ರಸ್ತೆಯನ್ನು ಹಿಡಿದು ಹೊರಟವನಿಗೆ ಪಟ್ಟಣವು ಎಲ್ಲಿ ಮುಗಿಯಿತು, ಆವರಗೆರೆ ಎಲ್ಲಿ ಮೊದಲಾಯಿತು ಎಂದು ಹೇಳುವುದು ಈಗ ಕಷ್ಟ. ಒಂದು ಕಾಲಕ್ಕೆ ಇವೆರಡರ ನಡುವೆ ಹೊಲಗಳಿದ್ದವು. ಇಂದು ಹಳ್ಳಿಯು ನಗರಪಾಲಿಕೆಯ ಎಲ್ಲೆಯೊಳಗೆ ಸೇರಿಹೋಗಿದೆ. ದಾವಣಗೆರೆಯ ಹೆಸರಿನ ತುದಿಯಲ್ಲಿಯೂ ಕೆರೆಯೇ, ಆವರಗೆರೆಯ ಹೆಸರಿನ ತುದಿಯಲ್ಲಿಯೂ ಕೆರೆಯೇ. ಮಳೆಯನ್ನು ನಂಬಿ ಬಾಳಿದ ಈ ಸೀಮೆಯ ಜನ ಊರಿಗೆ ಹೆಸರಿಡುವಾಗ ಮೊದಲು ನೀರನ್ನು ನೆನೆದರು.

ಹೊಯ್ಸಳರ ಕಲ್ಲಿನ ಕೆಲಸವನ್ನು ನೋಡಬೇಕೆನ್ನುವವರು ಇಲ್ಲಿಗೆ ಬರುವುದಿಲ್ಲ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರು ಆಚೆಗೆ ಹರಿಹರಕ್ಕೆ ಹೋಗಿ, ಹದಿಮೂರನೆಯ ಶತಮಾನದಲ್ಲಿ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿಯ ಮುಂದೆ ನಿಲ್ಲುತ್ತಾರೆ. ಬೆಣ್ಣೆದೋಸೆಯ ಆಸೆಯುಳ್ಳವರು ದಾವಣಗೆರೆಯನ್ನು ದಾಟುವುದೇ ಇಲ್ಲ. ಆವರಗೆರೆಯಲ್ಲಿ ಕಾಣುವುದಕ್ಕಿಂತ ಕೇಳಬೇಕಾದ ಕಥೆಯೊಂದುಂಟು. ಅದರ ಅರ್ಧ ಭಾಗ ಇಲ್ಲಿದೆ. ಉಳಿದರ್ಧ, ನಕ್ಷೆಯ ಮೇಲೆ ನೇರವಾಗಿ ಗೆರೆ ಎಳೆದರೆ ಎಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರದಲ್ಲಿ, ಭದ್ರಾವತಿಯಲ್ಲಿದೆ. ಈ ಸೀಮೆಯ ಹೆಂಗಸರು ಬೀಸುವಾಗ, ಕಳೆ ಕೀಳುವಾಗ, ಮದುವೆಯ ಹಸೆಯ ಮುಂದೆ ಕುಳಿತಾಗ ಹಾಡುತ್ತಿದ್ದ ಹಾಡು ಭದ್ರಾವತಿಗೆ ಹೋಗಿ, ಕಂಬವನ್ನೇರಿ, ಆಕಾಶಮಾರ್ಗವಾಗಿ ಮತ್ತೆ ಈ ಸೀಮೆಯ ಜಗುಲಿಗಳಿಗೇ ಇಳಿದು ಬಂದ ಕಥೆ ಅದು.

ಭದ್ರಾವತಿಯ ಆಕಾಶವಾಣಿ ಕೇಂದ್ರವು 1965ರಲ್ಲಿ ಆರಂಭವಾಯಿತು. ಮಧ್ಯಮ ತರಂಗದ 675 ಕಿಲೋಹರ್ಟ್ಸ್ ಅದರ ನೆಲೆ. ಹಳೆಯ ರೇಡಿಯೋಗಳ ಗಾಜಿನ ಫಲಕವನ್ನು ನೋಡಿದವರಿಗೆ ಮೀಟರುಗಳ ಲೆಕ್ಕವೇ ಹೆಚ್ಚು ಪರಿಚಿತ; ಆ ಲೆಕ್ಕದಲ್ಲಿ ಅದು 444.4 ಮೀಟರು. ನಾಲ್ಕು ನಾಲ್ಕುಗಳು ಸಾಲಾಗಿ ನಿಂತ ಈ ಸಂಖ್ಯೆಯನ್ನು ಅಕ್ಷರ ಬಾರದವರೂ ಮರೆಯುವಂತಿರಲಿಲ್ಲ. ಆದರೆ ಮುಳ್ಳನ್ನು ಆ ಜಾಗಕ್ಕೆ ತಂದು ನಿಲ್ಲಿಸುವುದು ಕೈಚಳಕದ ಕೆಲಸ. ಕೂದಲೆಳೆಯಷ್ಟು ಆಚೆ ಸರಿದರೆ ಗೊರಗೊರ ಸದ್ದು, ಈಚೆ ಸರಿದರೆ ಇನ್ನಾವುದೋ ಭಾಷೆಯ ವಾರ್ತೆ. ಮನೆಯಲ್ಲಿ ಈ ವಿದ್ಯೆ ಒಬ್ಬರಿಗೇ ಮೀಸಲಾಗಿರುತ್ತಿದ್ದಿತು. ಉಳಿದವರು ಮುಟ್ಟಿದರೆ ಬೈಗುಳ.

ಹಗಲಿನಲ್ಲಿ ಈ ತರಂಗವು ನೆಲವನ್ನು ಅಪ್ಪಿಕೊಂಡು ಸಾಗುತ್ತದೆ. ಮೇಲಕ್ಕೆ ಹೋದ ಪಾಲನ್ನು, ಬಿಸಿಲಿನಿಂದ ವಿದ್ಯುತ್ಕಣಗಳು ಕವಿದ ವಾಯುಮಂಡಲದ ಪದರವೊಂದು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅದಕ್ಕೂ ಮೇಲಿನ ಇನ್ನೊಂದು ಪದರವು ಕನ್ನಡಿಯಂತೆ ತರಂಗಗಳನ್ನು ಭೂಮಿಗೆ ಹಿಂತಿರುಗಿಸುತ್ತದೆ. ಆಗ ನೂರಾರು ಮೈಲಿ ದೂರದ ಕೇಂದ್ರಗಳೆಲ್ಲ ಒಂದರ ಮೇಲೊಂದು ಬಿದ್ದು ಸಂತೆಯಾಗುತ್ತದೆ. ಇರುಳಿನಲ್ಲಿ ಸಿಲೋನು, ಹಗಲಿನಲ್ಲಿ ಭದ್ರಾವತಿ ಎಂಬ ಏರ್ಪಾಟನ್ನು ಹೀಗೆ ಸ್ವತಃ ಸೂರ್ಯನೇ ಮಾಡಿಕೊಟ್ಟಿದ್ದನು. ಹಗಲು ಹೊಲದಲ್ಲಿ ದುಡಿಯುವವರಿಗೆ ಇದು ಅನುಕೂಲವೇ ಆಯಿತು. ಟ್ರಾನ್ಸಿಸ್ಟರು ಬಂದ ಮೇಲಂತೂ ಚರ್ಮದ ಚೀಲವನ್ನು ತೊಟ್ಟ ರೇಡಿಯೋ ಬೇವಿನ ಕೊಂಬೆಗೂ ಎತ್ತಿನ ಗಾಡಿಯ ಗೂಟಕ್ಕೂ ತೂಗತೊಡಗಿತು. ಅದಕ್ಕೆ ವರುಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಿಗೆ ಪಡೆಯಬೇಕಾಗಿದ್ದಿತೆಂದರೆ ಇಂದಿನ ಮಕ್ಕಳು ನಂಬಲಾರರು. 1980ರ ದಶಕದಲ್ಲಿ ಆ ಪದ್ಧತಿ ನಿಂತಿತು.

ಆವರಗೆರೆಗೆ ಬಂದ ದನಿಯ ಜಾಡನ್ನು ಹಿಡಿದು ಹಿಂದಕ್ಕೆ ಹೋಗುವ ಪ್ರಯಾಣಿಕನಿಗೆ ಎರಡು ದಾರಿಗಳುಂಟು. ಒಂದು ನದಿಯದು. ಹರಿಹರದಲ್ಲಿ ತುಂಗಭದ್ರೆಯ ದಡವನ್ನು ಹಿಡಿದು ಮೇಲಕ್ಕೆ ನಡೆದರೆ ಕೂಡಲಿಯಲ್ಲಿ ನೀರು ಎರಡಾಗುತ್ತದೆ. ಅಲ್ಲಿ ತುಂಗೆಯನ್ನು ಬಿಟ್ಟು ಭದ್ರೆಯ ಜೊತೆ ಹೋದರೆ ಭದ್ರಾವತಿ. ಇನ್ನೊಂದು ಬಸ್ಸಿನ ದಾರಿ. ಸಂತೇಬೆನ್ನೂರಿನಲ್ಲಿ ಇಳಿದು ಪುಷ್ಕರಿಣಿಯನ್ನೂ ಅದರ ನಡುವಣ ಮಂಟಪವನ್ನೂ ನೋಡಿ, ಚನ್ನಗಿರಿಯ ಅಡಕೆಯ ತೋಟಗಳ ನೆರಳಿಗೆ ಬಂದು, ಮುಂದೆ ಭದ್ರಾವತಿಯನ್ನು ಸೇರಬಹುದು. ಬಯಲುಸೀಮೆಯು ಮಲೆನಾಡಿಗೆ ತಲೆಬಾಗುವುದನ್ನು ಇಷ್ಟು ಚೆನ್ನಾಗಿ ತೋರುವ ರಸ್ತೆಗಳು ಹೆಚ್ಚಿಲ್ಲ. ಕರಿಯ ಮಣ್ಣು ಕೆಂಪಾಗುತ್ತದೆ, ಬೇಲಿಯ ಕಳ್ಳಿ ಮರೆಯಾಗುತ್ತದೆ, ಗಾಳಿಗೆ ತೇವ ಬರುತ್ತದೆ.

ದಾರಿಯುದ್ದಕ್ಕೂ ಕಾಣುವ ಕಾಲುವೆಗಳು ಭದ್ರೆಯ ನೀರನ್ನು ದಾವಣಗೆರೆಯ ಕಡೆಗೆ ಒಯ್ಯುತ್ತವೆ. ಲಕ್ಕವಳ್ಳಿಯ ಅಣೆಕಟ್ಟಿನ ಕೆಲಸ ಪೂರ್ಣಗೊಂಡುದು 1960ರ ದಶಕದಲ್ಲಿ. ಆಕಾಶವಾಣಿಯ ಕೇಂದ್ರ ಬಂದುದೂ ಅದೇ ದಶಕದಲ್ಲಿ. ಭದ್ರೆಯ ಕಡೆಯಿಂದ ಒಂದು ತಲೆಮಾರಿನೊಳಗೆ ನೀರೂ ಬಂದಿತು, ದನಿಯೂ ಬಂದಿತು. ಇದು ಬರಿಯ ಕಾಕತಾಳೀಯವೆಂದು ಬಿಡುವಂತಿಲ್ಲ. ಎರಡಕ್ಕೂ ಹಾಡಿನೊಡನೆ ಸಂಬಂಧವುಂಟು. ಜೋಳ ಹತ್ತಿಗಳ ಹೊಲವು ಗದ್ದೆಯಾದಾಗ ಜೋಳದ ಕಣದಲ್ಲಿ ರಾಶಿ ಮಾಡುತ್ತ ಹಾಡುತ್ತಿದ್ದ ಪದಗಳಿಗೆ ಎಡೆಯಿಲ್ಲವಾಯಿತು. ಭತ್ತದ ನಾಟಿಗೆ ಬೇರೆ ಪದಗಳು ಬೇಕಾದವು. ಹಿಟ್ಟಿನ ಗಿರಣಿ ಬಂದ ಹಳ್ಳಿಯಲ್ಲಿ ಬೀಸುವ ಕಲ್ಲು ಮೂಲೆ ಸೇರಿತು. ಅದರ ಜೊತೆಗೆ ನಸುಕಿನ ಹಾಡೂ ಮೂಲೆ ಸೇರಿತು. ಬೀಸುವ ಪದದ ಲಯವು ಕಲ್ಲಿನ ಲಯ. ಗೂಟವನ್ನು ಹಿಡಿದ ಕೈಯ ಸುತ್ತು ನಿಂತ ಮೇಲೆ ಅದನ್ನು ಸುಮ್ಮನೆ ಕುಳಿತು ಹಾಡೆಂದರೆ ಹಾಡುವವಳಿಗೇ ನುಡಿ ಮರೆಯುತ್ತದೆ. ಹಳ್ಳಿಯ ಹಾಡು ಹೀಗೆ ನೆಲೆ ತಪ್ಪುತ್ತಿದ್ದ ಹೊತ್ತಿನಲ್ಲಿಯೇ ಧ್ವನಿವರ್ಧಕದ ಮುಂದೆ ಅದಕ್ಕೊಂದು ಮಣೆ ಹಾಕಲಾಯಿತು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕಬ್ಬಿಣದ ಕುಲುಮೆಗೆ ತಕ್ಕ ಹೆಸರು. ಆದರೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಕಾರ್ಖಾನೆಗೂ ಈ ಹೆಸರಿಗೂ ಸಂಬಂಧವಿಲ್ಲ. ಹೆಸರು ಅದಕ್ಕಿಂತ ಹಿಂದಿನದು. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಕಬ್ಬಿಣದ ಕಾರ್ಖಾನೆ, ಅದರ ಹಿಂದೆಯೇ 1930ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ, ಎರಡರ ಕೂಲಿಗಾಗಿ ನಾನಾ ಸೀಮೆಗಳಿಂದ ಬಂದು ನೆಲೆಸಿದ ಜನ - ಹೀಗೆ ಬೆಳೆದ ಊರಿನ ಮೂರನೆಯ ಸರಕು ದನಿ. ರಾಜಧಾನಿಯಲ್ಲ, ವಿಶ್ವವಿದ್ಯಾನಿಲಯದ ಪೀಠವಲ್ಲ, ಜಿಲ್ಲೆಯ ಮುಖ್ಯ ಪಟ್ಟಣವೂ ಅಲ್ಲ. ಇಂಥ ಸಣ್ಣ ಊರಿನ ಕೇಂದ್ರಕ್ಕೆ ಒಂದು ಅನುಕೂಲವಿದ್ದಿತು. ದೊಡ್ಡ ವಿದ್ವಾಂಸರು ದಿನವೂ ಬಾಗಿಲಲ್ಲಿ ನಿಂತಿರುತ್ತಿರಲಿಲ್ಲ; ಬಾಗಿಲಲ್ಲಿ ನಿಲ್ಲಬಲ್ಲವರು ಸುತ್ತಲಿನ ಹಳ್ಳಿಗಳ ಸೋಬಾನೆಯ ಹೆಂಗಸರು, ತತ್ವಪದದ ಮುದುಕರು, ಲಾವಣಿಕಾರರು, ಡೊಳ್ಳಿನವರು, ಭಜನೆಯ ಮೇಳದವರು.

ಕನ್ನಡ ನಾಡಿನ ರೇಡಿಯೋ ಹುಟ್ಟಿದ್ದೂ ಸರಕಾರದ ಭವನದಲ್ಲಲ್ಲ, ಒಬ್ಬ ಅಧ್ಯಾಪಕರ ಮನೆಯಲ್ಲಿ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನ ತಮ್ಮ 'ವಿಠ್ಠಲ ವಿಹಾರ'ದಿಂದ, ಕೇವಲ 30 ವಾಟಿನ ಪ್ರೇಷಕದಿಂದ ಪ್ರಸಾರವನ್ನು ಆರಂಭಿಸಿದರು. ಇಂದು ಮನೆಯ ದೀಪವೊಂದು ಉಣ್ಣುವಷ್ಟು ವಿದ್ಯುತ್ತು! ಅದಕ್ಕೆ ಬಿದ್ದ 'ಆಕಾಶವಾಣಿ' ಎಂಬ ಹೆಸರನ್ನು 1950ರ ದಶಕದಲ್ಲಿ ಇಡಿಯ ದೇಶವೇ ಎತ್ತಿಕೊಂಡಿತು. 1950ರಲ್ಲಿ ಧಾರವಾಡಕ್ಕೆ ಕೇಂದ್ರ ಬಂದಿತು. 1955ರಲ್ಲಿ ಮೈಸೂರಿನ ಕೇಂದ್ರವು ಬೆಂಗಳೂರಿಗೆ ಹೋಯಿತು. ಬೆಂಗಳೂರಿನ ಗ್ರಾಮಸ್ಥರ ಕಾರ್ಯಕ್ರಮದಲ್ಲಿ ಎ.ಎಸ್. ಮೂರ್ತಿಯವರು 'ಈರಣ್ಣ'ನಾಗಿ ಮಾತನಾಡಿ ಮಾತನಾಡಿ, ಕೊನೆಗೆ ಅವರ ಸ್ವಂತ ಹೆಸರನ್ನೇ ಜನ ಮರೆತು 'ಆಕಾಶವಾಣಿ ಈರಣ್ಣ' ಎನ್ನುವಂತಾಯಿತು. ಆದರೆ ಬೆಂಗಳೂರಿನ ಈರಣ್ಣನ ಮಾತು ದಕ್ಷಿಣದ್ದು, ಧಾರವಾಡದ ಮಾತು ಉತ್ತರದ್ದು. ನಡುನಾಡಿನವರಾದ ದಾವಣಗೆರೆ, ಹರಿಹರ, ಚನ್ನಗಿರಿಗಳ ಜನ ಎರಡನ್ನೂ ಕೇಳಿ ನಕ್ಕು ಸುಮ್ಮನಾಗುತ್ತಿದ್ದರು. ತಮ್ಮ ಓಣಿಯ ಮಾತು ಪೆಟ್ಟಿಗೆಯೊಳಗಿನಿಂದ ಬರಬಹುದೆಂಬುದು ಅವರಿಗೆ ಗೊತ್ತಾದುದು ಭದ್ರಾವತಿಯಿಂದ.

ಹಳ್ಳಿಯ ಹಾಡನ್ನು ಕಾಗದದ ಮೇಲೆ ಇಳಿಸುವ ಕೆಲಸ ಆ ಹೊತ್ತಿಗೆ ಹಳೆಯದಾಗಿದ್ದಿತು. ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಗ್ರಹವನ್ನು ಹೊರತಂದುದು 1931ರಲ್ಲಿ. ಪುಸ್ತಕವು ನುಡಿಯನ್ನು ಉಳಿಸಿತು. ದನಿಯನ್ನು ಉಳಿಸುವುದು ಪುಸ್ತಕದಿಂದಾಗದ ಮಾತು. ಪಿ. ಕಾಳಿಂಗರಾಯರು ತಮ್ಮ ಕಂಠದಲ್ಲಿ ಹಳ್ಳಿಯ ಪದಗಳನ್ನು ಹಾಡಿ ಪಟ್ಟಣದ ಮನೆಗಳಿಗೆ ತಲುಪಿಸಿದರು. ಅದು ಬಹು ದೊಡ್ಡ ಉಪಕಾರ; ಜಾನಪದ ಗೀತೆಯೆಂದರೆ ಮೂಗು ಮುರಿಯುತ್ತಿದ್ದ ಓದುಬಲ್ಲ ಗೃಹಿಣಿಯರು ಅಡಿಗೆಮನೆಯಲ್ಲಿ ಅದನ್ನು ಗುನುಗತೊಡಗಿದುದು ಅವರಿಂದಲೇ. ಆದರೂ ಪಿಟೀಲು ಕೊಳಲುಗಳ ಮೆತ್ತೆಯ ಮೇಲೆ ಕುಳಿತ ಹಾಡು ಬೇರೆ, ಕಣದಲ್ಲಿ ನಿಂತ ಹಾಡು ಬೇರೆ. ಮೊದಲನೆಯದರಲ್ಲಿ ಒಬ್ಬ ಕಲಾವಿದನ ಕಂಠವನ್ನು ಮೆಚ್ಚುತ್ತೇವೆ. ಎರಡನೆಯದರಲ್ಲಿ ಮುಂದೆ ಹೇಳಿಕೊಡುವವಳೊಬ್ಬಳು, ಹಿಂದೆ ಎತ್ತಿಕೊಳ್ಳುವವರು ನಾಲ್ವರು. ಒಬ್ಬಳ ಉಸಿರು ತೀರುವಲ್ಲಿ ಇನ್ನೊಬ್ಬಳ ಉಸಿರು ಹೊಗುತ್ತದೆ. ಆಕಾಶವಾಣಿಯ ಪಟ್ಟಿಯಲ್ಲಿ 'ಸುಗಮ ಸಂಗೀತ', 'ಜಾನಪದ ಸಂಗೀತ' ಎಂದು ಎರಡು ಕೋಣೆಗಳನ್ನು ಮಾಡಿದ್ದುದು ಈ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಒಂದೇ ಕೋಣೆಯಾಗಿದ್ದರೆ ಬಲ್ಲವರ ಮುಂದೆ ಬಡವರು ಕುಗ್ಗುತ್ತಿದ್ದರು.

ಕೋಣೆಯೇನೋ ಸಿಕ್ಕಿತು, ಹೊಸಲನ್ನು ದಾಟಬೇಕಾಗಿದ್ದಿತು. ಮೊದಲು ಧ್ವನಿಪರೀಕ್ಷೆ. ಗೋಡೆಗೆ ರಂಧ್ರದ ಹಲಗೆ ಹೊದಿಸಿದ, ಹೊರಗಿನ ಕಾಗೆಯ ಕೂಗೂ ಕೇಳಿಸದ ಕೋಣೆ. ಕೆಂಪು ದೀಪ ಹತ್ತಿದರೆ ಕೆಮ್ಮುವಂತಿಲ್ಲ. ಜಾತ್ರೆಯ ಗದ್ದಲದ ಮೇಲೆ ದನಿಯೆತ್ತಿ ಹಾಡಿದವರಿಗೆ ಮೌನವೇ ಮೊದಲನೆಯ ಶತ್ರು. ಮುಖ ಕಾಣದ ಕೇಳುಗನಿಗೆ ಯಾರ ಕಣ್ಣನ್ನು ನೋಡಿ ಹಾಡಬೇಕು? ಎರಡನೆಯದು ಗಡಿಯಾರ. ಇರುಳೆಲ್ಲ ನಡೆಯುವ ಕಥನಗೀತವನ್ನು ನಿಮಿಷಗಳಿಗೆ ತುಂಡರಿಸಬೇಕು. ಬೆಳಗಾಗುವ ತನಕ ಹಿರಿಹೊಳೆಯಂತೆ ಹರಿಯುವುದನ್ನು ಚೊಂಬಿನಲ್ಲಿ ಮೊಗೆದು ಕೊಡೆಂದಂತೆ. ಮದುವೆಯಲ್ಲಿ ಬೀಗರನ್ನು ಹಂಗಿಸುವ ಹಾಡುಗಳಲ್ಲಿ ಎಷ್ಟೋ ಆಕಾಶವಾಣಿಯ ಮರ್ಯಾದೆಗೆ ಒಗ್ಗುವಂಥವಲ್ಲ. ಅವು ಹೊರಗೇ ಉಳಿದವು. ಸೀಮೆಯ ಹೆಂಗಸರ ಹಾಸ್ಯವು ಎಂಥದೆಂಬುದನ್ನು ಬರಿಯ ರೇಡಿಯೋದಿಂದ ತಿಳಿಯಹೊರಟವನು ಮೋಸಹೋಗುತ್ತಾನೆ.

ಮೂರನೆಯದು ಪೇಟಿಯ ತೊಂದರೆ. ಮೀಂಡು ಗಮಕಗಳನ್ನು ನುಡಿಸಲಾರದ ಪರದೇಶದ ವಾದ್ಯವೆಂದು 1940ರಲ್ಲಿ ದೇಶದ ರೇಡಿಯೋ ಕೇಂದ್ರಗಳು ಹಾರ್ಮೋನಿಯಮ್ಮಿಗೆ ಬಾಗಿಲು ಹಾಕಿದ್ದವು. ಆ ನಿಷೇಧವು ಸಡಿಲವಾದುದು 1971ರಲ್ಲಿ. ಭದ್ರಾವತಿ ಕೇಂದ್ರದ ಮೊದಲ ಆರು ವರುಷಗಳು ಈ ಅವಧಿಗೆ ಸೇರಿದವು. ಸಂಗೀತಶಾಸ್ತ್ರದ ದೃಷ್ಟಿಯಿಂದ ಆ ಆಕ್ಷೇಪವು ಸರಿಯಿದ್ದೀತು. ಆದರೆ ದಾವಣಗೆರೆ ಚಿಂದೋಡಿ ಮನೆತನದ ನಾಟಕ ಕಂಪೆನಿಯ ಊರು. ಕಂಪೆನಿಯ ಕಾಲುಪೆಟ್ಟಿಗೆಯ ಸ್ವರದಲ್ಲಿಯೇ ಇಲ್ಲಿಯ ಜನರ ಕಿವಿ ಬೆಳೆದುದು. ಹಳ್ಳಿಯ ಭಜನೆಯ ಮನೆಯಲ್ಲಿ ದೇವರ ಪಟಕ್ಕಿಂತ ಮೊದಲು ಕೊಳ್ಳುತ್ತಿದ್ದುದು ಪೇಟಿಯನ್ನು. ಅದನ್ನು ಬಿಟ್ಟು ಬನ್ನಿರೆಂದರೆ ಮೇಳದವರಿಗೆ ಊರುಗೋಲನ್ನು ಬಿಟ್ಟು ಬನ್ನಿರೆಂದಂತೆ. ಸಮಿತಿಯಲ್ಲಿ ಕುಳಿತು ನಿಷೇಧವನ್ನು ಬರೆದ ಮಹನೀಯರು ಹಳ್ಳಿಯ ಭಜನೆಯನ್ನು ನೆನೆದಿರಲಾರರು.

ಈ ಹೊಸಲುಗಳನ್ನೆಲ್ಲ ದಾಟಿದವರ ಕೈಗೆ ಕರಾರಿನ ಕಾಗದ ಬರುತ್ತಿದ್ದಿತು. ಆಕಾಶವಾಣಿಯು ಕಲಾವಿದರೊಡನೆ ಮಾಡಿಕೊಳ್ಳುತ್ತಿದ್ದ ಕರಾರು ಭಾರತದ ರಾಷ್ಟ್ರಪತಿಗಳ ಪರವಾಗಿ ಆದದ್ದು. ಒಂದು ಕಡೆ ದೇಶದ ರಾಷ್ಟ್ರಪತಿ, ಇನ್ನೊಂದು ಕಡೆ ಹೆಬ್ಬೆಟ್ಟು! ಗಣರಾಜ್ಯವೆಂದರೇನೆಂದು ವಿವರಿಸುವ ಪಠ್ಯಪುಸ್ತಕಗಳಲ್ಲಿ ಈ ಕಾಗದದ ಚಿತ್ರವನ್ನು ಹಾಕಬಹುದಾಗಿದ್ದಿತು. ಸಂಭಾವನೆ ಚೆಕ್ಕಿನ ರೂಪದಲ್ಲಿ. ಹಣ ದೊಡ್ಡದಲ್ಲ, ಗೌರವ ದೊಡ್ಡದು. ಕೂಲಿಗೆ ಹೋದಾಗ ಬಾಯಿ ಮುಚ್ಚಿಕೊಂಡು ಕೆಲಸ ಮಾಡೆಂದು ಬೈಸಿಕೊಂಡವಳಿಗೆ ಅದೇ ಬಾಯಿಯ ಹಾಡಿಗಾಗಿ ಸರಕಾರವು ಹಣ ಕೊಟ್ಟಿತೆಂದರೆ ಓಣಿಯಲ್ಲಿ ಅವಳ ಸ್ಥಾನವೇ ಬದಲಾಗುತ್ತಿದ್ದಿತು. ಹಾಡುಗಾರರ ಪೈಕಿ ಹೆಚ್ಚಿನವರು ಸಮಾಜದ ಕೆಳಗಿನ ಮೆಟ್ಟಿಲುಗಳವರು. ಅವರನ್ನು ಜಗುಲಿಯ ಕೆಳಗೆ ನಿಲ್ಲಿಸಿದ ಮನೆಗಳ ನಡುಮನೆಗೇ ಅವರ ದನಿ ಯಾರ ಅಪ್ಪಣೆಯೂ ಇಲ್ಲದೆ ಹೋಗಿ ಕುಳಿತಿತು. ರೇಡಿಯೋ ಪೆಟ್ಟಿಗೆಗೆ ಮಡಿಮೈಲಿಗೆ ಇರಲಿಲ್ಲ.

ಆವರಗೆರೆಯಂಥ ಊರಿನಲ್ಲಿ ಕೇಳುವ ರೀತಿಯೂ ಬೇರೆ. ಹತ್ತಿಯ ಗಿರಣಿಗಳ ಕಾಲದಲ್ಲಿ ದಾವಣಗೆರೆಯ ದಿನವನ್ನು ಭಾಗಮಾಡುತ್ತಿದ್ದುದು ಪಾಳಿಯ ಕೂಗು. ಪಾಳಿ ಮುಗಿಸಿ ಬಂದವನು ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣವನ್ನು ಬಿಚ್ಚಿ ರೇಡಿಯೋದ ಮುಂದೆ ಕುಳಿತರೆ, ಅದರಲ್ಲಿ ಮೊದಲು ಬರುವುದು ಕೃಷಿಯ ಸಲಹೆ, ಪೇಟೆಯ ಧಾರಣೆ, ಹವಾಮಾನ. ಅವುಗಳ ನಡುವೆ ಹಾಡು. ಅಕ್ಕಡಿಯ ಸಾಲಿನಂತೆ ಅದು ಹೊಲದ ಮುಖ್ಯ ಬೆಳೆಯಲ್ಲ. ಆದರೆ ಹೊಲಕ್ಕೆ ಬಂದವರು ಮೊದಲು ಕೈಯಿಕ್ಕುವುದು ಅದಕ್ಕೇ. ಪರಿಚಿತ ಧಾಟಿಯೊಂದು ಬಂದಾಗ ಒಳಗಿನಿಂದ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಹಾಡಿದವಳು ಯಾವ ಊರಿನವಳು, ಯಾರ ಮಗಳು, ನಡುವೆ ಒಂದು ನುಡಿಯನ್ನು ಏಕೆ ಬಿಟ್ಟಳು - ಇವು ವಿಮರ್ಶೆಯ ವಿಷಯಗಳು. ಅವಳು ಬಿಟ್ಟ ನುಡಿಯನ್ನು ಬಾಗಿಲಲ್ಲಿ ನಿಂತವಳು ಸೇರಿಸಿ ಹಾಡಿದರೆ, ಹಾಡು ಮತ್ತೆ ಮೊದಲಿನ ಜಾಗಕ್ಕೆ ಬಂದು ತಲುಪಿದಂತೆ.

ಇಷ್ಟೆಲ್ಲ ಹಾಡಿದ ದನಿಗಳು ಈಗ ಎಲ್ಲಿವೆ? ಈ ಪ್ರಶ್ನೆಗೆ ಉತ್ತರ ಸುಖಕರವಾದುದಲ್ಲ. ಧ್ವನಿಮುದ್ರಣದ ಕಾಂತಸುರುಳಿ ಬೆಲೆಯುಳ್ಳ ವಸ್ತು, ಸದಾ ಕೊರತೆಯ ವಸ್ತು. ಆಕಾಶವಾಣಿಯ ಕೇಂದ್ರಗಳಲ್ಲಿ ಒಮ್ಮೆ ಪ್ರಸಾರವಾದುದನ್ನು ಅಳಿಸಿ ಅದೇ ಸುರುಳಿಯ ಮೇಲೆ ಬೇರೊಂದನ್ನು ಮುದ್ರಿಸಿಕೊಳ್ಳುವುದು ವಾಡಿಕೆಯಾಗಿದ್ದಿತು. ಪ್ರಸಿದ್ಧ ಗಾಯಕರದನ್ನು ಉಳಿಸಿಡಬೇಕೆಂಬ ಎಚ್ಚರ ಎಲ್ಲರಿಗೂ ಉಂಟು; ಹಳ್ಳಿಯ ಹೆಂಗಸಿನ ಹತ್ತು ನಿಮಿಷಗಳು ಹಾಗಲ್ಲ. ಅವಳಾದರೋ ಮುಂದಿನ ಸಲ ಬಂದು ಹಾಡುತ್ತಾಳಲ್ಲ! ಇದರಲ್ಲಿ ದುರುದ್ದೇಶವಿಲ್ಲ. ಹಳ್ಳಿಯ ಹಾಡು ಬಾವಿಯ ನೀರಿನಂತೆ, ಎಷ್ಟು ಸೇದಿದರೂ ಬರುತ್ತದೆಂಬ ನಂಬಿಕೆಯಿದೆ. ಆ ನಂಬಿಕೆಯೇ ನಷ್ಟಕ್ಕೆ ಕಾರಣ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯ ನಾಲಿಗೆಯ ಮೇಲೆ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರು ಅವಳ ಬಳಿ ಕುಳಿತು ಬರೆದುಕೊಂಡು 'ಸಾವಿರದ ಸಿರಿಬೆಳಗು' ಎಂಬ ಗ್ರಂಥವನ್ನು ಹೊರತರದಿದ್ದರೆ ಅವೂ ಮಣ್ಣಾಗುತ್ತಿದ್ದವು. ಬಳಿ ಕುಳಿತು ಬರೆದುಕೊಳ್ಳುವವರು ಸಿಕ್ಕದ ಸಿರಿಯಜ್ಜಿಯರು ದಾವಣಗೆರೆಯ ಸುತ್ತಿನಲ್ಲಿಯೂ ಇದ್ದಿರಲೇಬೇಕು.

ಇನ್ನೊಂದು ಸಂಗತಿ. ನೇರ ಪ್ರಸಾರದಲ್ಲಿ ಹಾಡಿದವಳು ತನ್ನ ದನಿಯನ್ನು ತಾನು ಕೇಳುವಂತಿರಲಿಲ್ಲ. ಅವಳು ಭದ್ರಾವತಿಯ ಕೋಣೆಯಲ್ಲಿ ಹಾಡುತ್ತಿರುವಾಗ ಊರಿನವರೆಲ್ಲ ಕೇಳುತ್ತಿದ್ದರು. ಬಸ್ಸು ಹಿಡಿದು ಅವಳು ಮನೆಗೆ ಬರುವ ಹೊತ್ತಿಗೆ ಹಾಡು ಮುಗಿದು ಎಷ್ಟೋ ಹೊತ್ತಾಗಿರುತ್ತಿತ್ತು. 'ಹೆಂಗಿತ್ತವ್ವಾ?' ಎಂದು ಅವಳೇ ಇತರರನ್ನು ಕೇಳಬೇಕು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಭದ್ರಾವತಿಯ ಪ್ರೇಷಕದ ಶಕ್ತಿ 20 ಕಿಲೋವಾಟಾಯಿತು. 1980ರ ದಶಕದಲ್ಲಿ ದೂರದರ್ಶನ ಬಂದು ಜಗುಲಿಯ ಜನರನ್ನು ಒಳಮನೆಗೆ ಎಳೆಯಿತು. ಕ್ಯಾಸೆಟ್ಟು ಬಂದು ಡೊಳ್ಳಿನ ಪದವೂ ಜಾತ್ರೆಯ ಅಂಗಡಿಯಲ್ಲಿ ಮಾರಾಟದ ಸರಕಾಯಿತು. 1990ರ ದಶಕದಲ್ಲಿ ಚಿತ್ರದುರ್ಗದ ಎಫ್.ಎಂ. ಕೇಂದ್ರದ ದನಿ ಈ ಕಡೆಗೂ ಹಬ್ಬಿತು. 1997ರಲ್ಲಿ ದಾವಣಗೆರೆಯೇ ಒಂದು ಜಿಲ್ಲೆಯಾಯಿತು. ಅದೇ ವರುಷ ಆಕಾಶವಾಣಿಯು ಸರಕಾರದ ಇಲಾಖೆಯ ರೂಪವನ್ನು ಬಿಟ್ಟು ಪ್ರಸಾರ ಭಾರತಿಯ ಕೈಗೆ ಹೋಯಿತು. ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಕೂಗಿಲ್ಲದ ಊರಿನಲ್ಲಿ ಪಾಳಿಯೂ ಇಲ್ಲ.

ಆದರೆ ಕಾಲುವೆಯ ನೀರು ನಿಂತಿಲ್ಲ. ನೀರು ಬಿಟ್ಟ ವಾರಗಳಲ್ಲಿ ಪಟ್ಟಣದ ಅಂಚನ್ನು ದಾಟಿ ಗದ್ದೆಯ ಬದುವಿನ ಮೇಲೆ ನಿಂತವನಿಗೆ ನಾಟಿಯ ಸಾಲು ಕಾಣುತ್ತದೆ. ಹೆಂಗಸರು ಬೆನ್ನು ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಬದುವಿನ ಮೇಲೆ ಬುತ್ತಿಯ ಗಂಟಿನ ಪಕ್ಕದಲ್ಲಿ ಯಾರದೋ ಮೊಬೈಲು ಸಿನಿಮಾದ ಹಾಡನ್ನು ಹಾಡುತ್ತಿರುತ್ತದೆ. ಅದರ ವಿದ್ಯುತ್ತು ತೀರಿದರೆ ಸಾಲಿನಲ್ಲಿ ಸ್ವಲ್ಪ ಹೊತ್ತು ಮೌನ. ಕೆಸರಿನಿಂದ ಕಾಲೆತ್ತುವ ಸಪ್ಪಳ ಮಾತ್ರ. ಆಮೇಲೆ ಹಿರಿಯವಳೊಬ್ಬಳು, ತಲೆಯೆತ್ತದೆಯೇ, ಒಂದು ನುಡಿಯನ್ನು ಎತ್ತುತ್ತಾಳೆ.